ಓದುಗರ ಪ್ರಶ್ನೆ: ಮೋಡೆಮ್‌ನ ಪುಟ ಯಾಕೆ ತೆರೆಯುವುದಿಲ್ಲ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ನಿವೃತ್ತ ಹೈಸ್ಕೂಲ್ ಮಾಸ್ಟ್ರು. ನಮ್ಮ ಮನೆಗೆ ಕೇಬಲ್ ಟಿವಿಯ ವೈರಿನಲ್ಲೇ ಇಂಟರ್ನೆಟ್ ಬರುತ್ತದೆ. ಕೇಬಲ್‌ನವರು ಕೊಟ್ಟ ಮೋಡೆಮ್ ಒಂದು, ಮಗ ಬೆಂಗಳೂರಿನಿಂದ ತಂದುಕೊಟ್ಟ ವೈಫೈ ರೂಟರ್ ಒಂದು. ಜೋರು ಮಳೆ ಬಂದರೆ ನೆಟ್ ಹೋಗುತ್ತದೆ, ಬಿಸಿಲು ಬಿದ್ದರೆ ತಾನಾಗಿ ಬರುತ್ತದೆ. ಕೇಬಲ್‌ನ ಹುಡುಗ ಬರುವ ಹೊತ್ತಿಗೆ ಎಲ್ಲ ಸರಿ ಇರುತ್ತದೆ. ‘ನಿಮ್ಮ ರೂಟರೇ ಸರಿ ಇಲ್ಲ ಸರ್’ ಎಂದು ಹೇಳಿ ಹೋಗುತ್ತಾನೆ. ಮೋಡೆಮ್‌ಗೂ ಒಂದು ಪುಟ ಇದೆ, 192.168.100.1 ಎಂದು ಹೊಡೆದರೆ ಸಿಗ್ನಲ್ ಕಾಣುತ್ತದೆ ಎಂದು ಮಗ ಹೇಳಿದ. ನೆಟ್ ಹೋದಾಗ ಫೋನಿನಲ್ಲಿ ನೋಡಿದೆ, ತೆರೆಯಲಿಲ್ಲ. ‘ನಿಮ್ಮ ರೂಟರ್ 192.168.1.1, ಅದಕ್ಕೇ’ ಎಂದು ಪಕ್ಕದ ಮನೆಯ ಹುಡುಗ ರೂಟರಿನ ವಿಳಾಸವನ್ನು 192.168.100.50 ಮಾಡಿಕೊಟ್ಟ. ಈಗ ಕಂಪ್ಯೂಟರಿನಲ್ಲೂ ತೆರೆಯುವುದಿಲ್ಲ. ಹೊಸ ರೂಟರ್ ತೆಗೆದುಕೊಳ್ಳಬೇಕಾ? ಎಂತ ಮಾಡುವುದು?
— ಓದುಗರು, ಬಿಜೈ, ಮಂಗಳೂರು

ಉತ್ತರ: ಮಾಸ್ಟ್ರೇ, ಹೊಸ ರೂಟರ್ ಈಗ ಬೇಡ. ಮೊದಲು ರೂಟರಿಗೆ ಅದರ ಹಳೆಯ 192.168.1.1 ವಿಳಾಸವನ್ನೇ ವಾಪಸ್ ಕೊಡಿ. ಪಕ್ಕದ ಮನೆಯ ಹುಡುಗನ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಎರಡೂ ಒಂದೇ ಸಾಲಿನ ನಂಬರ್ ಆದರೆ ಒಂದಕ್ಕೊಂದು ಮಾತಾಡುತ್ತವೆ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಇಲ್ಲಿ ಆಗುವುದು ಉಲ್ಟಾ.

ಯಾಕೆ ಅಂದರೆ, ಕಂಪ್ಯೂಟರ್ ಯಾವುದೇ ವಿಳಾಸಕ್ಕೆ ಹೋಗುವ ಮೊದಲು ಒಂದು ಲೆಕ್ಕ ನೋಡುತ್ತದೆ. ಈ ನಂಬರ್ ನನ್ನದೇ ಸಾಲಿನದ್ದಾ, ಹೊರಗಿನದ್ದಾ? ಹೊರಗಿನದ್ದಾದರೆ ರೂಟರಿಗೆ ಕೊಟ್ಟುಬಿಡುತ್ತದೆ. ರೂಟರಿಗೂ ಅದು ಗೊತ್ತಿಲ್ಲದಿದ್ದರೆ ತನ್ನ ವ್ಯಾನ್ ಪೋರ್ಟ್‌ನಿಂದ, ಅಂದರೆ ಮೋಡೆಮ್‌ನ ವೈರ್ ಸಿಕ್ಕಿಸಿದ ತೂತಿನಿಂದ, ಹೊರಗೆ ಕಳಿಸುತ್ತದೆ. ಅಲ್ಲಿ ಮೊದಲು ಸಿಗುವುದೇ ಮೋಡೆಮ್. 192.168.100.1 ಎಂದು ಕಂಡ ತಕ್ಷಣ ‘ಇದು ನಾನೇ’ ಎಂದು ಅದು ಉತ್ತರ ಕೊಡುತ್ತದೆ. ಅಂದರೆ ನಂಬರ್ ಬೇರೆ ಬೇರೆ ಇರುವುದೇ ಇಲ್ಲಿ ಬೇಕಾದದ್ದು. ಈಗ ನಿಮ್ಮ ರೂಟರ್ 192.168.100.50 ಆಗಿರುವುದರಿಂದ, 192.168.100.1 ಕೂಡ ಮನೆಯೊಳಗೇ ಇದೆ ಎಂದು ಕಂಪ್ಯೂಟರ್ ತಿಳಿಯುತ್ತದೆ. ರೂಟರಿಗೆ ಕೊಡುವುದೇ ಇಲ್ಲ. ವೈಫೈಯೊಳಗೇ ಹುಡುಕುತ್ತದೆ, ಯಾರೂ ಉತ್ತರಿಸುವುದಿಲ್ಲ. ನೆಟ್ ಮಾತ್ರ ಎಂದಿನಂತೆ ನಡೆಯುತ್ತದೆ, ಯಾಕೆಂದರೆ ಹೊರಗಿನ ವಿಳಾಸಗಳೆಲ್ಲ ರೂಟರಿಗೇ ಹೋಗುತ್ತವೆ. ಸಾಲು ಎಷ್ಟು ಉದ್ದ ಎಂದು ಹೇಳುವ ಸಬ್‌ನೆಟ್ ಮಾಸ್ಕ್ ಏನಾದರೂ 255.255.0.0 ಆಗಿದ್ದರೂ ಇದೇ ಕತೆ. ಅದು 255.255.255.0 ಇರಲಿ.

ವಾಪಸ್ ಬದಲಿಸುವುದು ಸುಲಭ. ಬ್ರೌಸರಿನಲ್ಲಿ 192.168.100.50 ಹೊಡೆದು ರೂಟರಿನ ಪುಟಕ್ಕೆ ಹೋಗಿ. ಲ್ಯಾನ್ ಎಂಬ ಕಡೆ ಐಪಿ ಅಡ್ರೆಸ್ ಬದಲಿಸಿ ಸೇವ್ ಮಾಡಿ. ರೂಟರ್ ಆಫ್ ಆಗಿ ಆನ್ ಆದ ಮೇಲೆ ಕಂಪ್ಯೂಟರಿನ ವೈಫೈಯನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಇಲ್ಲದಿದ್ದರೆ ಅದು ಹಳೆಯ ನಂಬರನ್ನೇ ಹಿಡಿದುಕೊಂಡಿರುತ್ತದೆ.

ಇನ್ನು ಫೋನಿನ ವಿಷಯ. ನೀವು ನೋಡಿದ್ದು ನೆಟ್ ಹೋದ ಹೊತ್ತಿನಲ್ಲಿ ಅಲ್ವಾ? ವೈಫೈ ಇದೆ, ಆದರೆ ಅದರಲ್ಲಿ ಇಂಟರ್ನೆಟ್ ಇಲ್ಲ ಎಂದು ಗೊತ್ತಾದ ಕೂಡಲೇ ಫೋನ್ ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಹಾರುತ್ತದೆ. ನಿಮ್ಮ 192.168.100.1 ಆಗ ಮನೆಯ ಮೋಡೆಮ್‌ಗೆ ಹೋಗುವುದೇ ಇಲ್ಲ, ಮೊಬೈಲ್ ಕಂಪನಿಯ ಟವರಿನ ಕಡೆ ಹೋಗುತ್ತದೆ. ಆದ್ದರಿಂದ ಫೋನಿನಲ್ಲಿ ನೋಡುವಾಗ ಮೊಬೈಲ್ ಡೇಟಾ ಬಂದ್ ಮಾಡಿ. ವಿಪಿಎನ್ ಇದ್ದರೆ ಅದನ್ನೂ ಬಂದ್ ಮಾಡಿ. ವಿಳಾಸವನ್ನು ಗೂಗಲ್‌ನ ಹುಡುಕುವ ಜಾಗದಲ್ಲಿ ಹಾಕಬೇಡಿ, ಬ್ರೌಸರಿನ ಮೇಲಿನ ಪಟ್ಟಿಯಲ್ಲಿ ಹಾಕಿ. ಹಳೆಯ ಮೋಡೆಮ್‌ಗಳಿಗೆ ಎಚ್‌ಟಿಟಿಪಿಎಸ್ ಗೊತ್ತಿರುವುದಿಲ್ಲ. ಬ್ರೌಸರ್ ತಾನಾಗಿ ಕೊನೆಯ ಎಸ್ ಸೇರಿಸಿದ್ದರೆ ಅದನ್ನು ತೆಗೆದು ಬರೀ ಎಚ್‌ಟಿಟಿಪಿ ಇಟ್ಟು ನೋಡಿ.

192.168.100.1 ಎಂಬುದು ನಿಮ್ಮ ಕೇಬಲ್‌ನವರು ಸುಮ್ನೆ ಇಟ್ಟ ನಂಬರ್ ಅಲ್ಲ. ಕೇಬಲ್ ಮೋಡೆಮ್‌ಗಳೆಲ್ಲ ನಡೆಯುವುದು ಡಾಕ್ಸಿಸ್ ಎಂಬ ನಿಯಮದ ಪ್ರಕಾರ. ಅಮೆರಿಕದ ಕೇಬಲ್‌ಲ್ಯಾಬ್ಸ್ ಅದನ್ನು ಮೊದಲು 1997ರಲ್ಲಿ ಹೊರತಂದಿತು. ಮನೆಯ ಕಡೆಯಿಂದ ಪರೀಕ್ಷೆ ಮಾಡಲು ಮೋಡೆಮ್ ಈ ವಿಳಾಸಕ್ಕೆ ಉತ್ತರಿಸಬೇಕು ಎಂದು ಆ ನಿಯಮದಲ್ಲೇ ಇದೆ. ಹಾಗಾಗಿ ಯಾವ ಕಂಪನಿಯ ಕೇಬಲ್ ಮೋಡೆಮ್ ಆದರೂ ಮೊದಲು ನೋಡಬೇಕಾದ ವಿಳಾಸ ಇದೇ. ಈ ಪುಟ ನೋಡುವುದು ಕಳ್ಳತನವೂ ಅಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಪಾಸ್‌ವರ್ಡ್ ಕೇಳಿದರೆ ಮೋಡೆಮ್‌ನ ಅಡಿಯ ಸ್ಟಿಕರ್ ನೋಡಿ. ಅಲ್ಲಿ ಇಲ್ಲದಿದ್ದರೆ ಕೇಬಲ್‌ನವರನ್ನೇ ಕೇಳಿ.

ಇಷ್ಟಾದರೂ ತೆರೆಯದಿದ್ದರೆ ರೂಟರನ್ನು ಬದಿಗಿಡಿ. ಮೋಡೆಮ್‌ನಿಂದ ಲ್ಯಾನ್ ವೈರನ್ನು ನೇರ ಕಂಪ್ಯೂಟರಿಗೆ ಸಿಕ್ಕಿಸಿ. ಈಥರ್ನೆಟ್ ಸೆಟ್ಟಿಂಗ್ಸ್‌ನಲ್ಲಿ ಆಟೋಮ್ಯಾಟಿಕ್ ತೆಗೆದು ಐಪಿ ಜಾಗದಲ್ಲಿ 192.168.100.2, ಮಾಸ್ಕ್ 255.255.255.0 ಹಾಕಿ. ಗೇಟ್‌ವೇ ಖಾಲಿ ಇರಲಿ. ಈಗ ಕಂಪ್ಯೂಟರಿಗೂ ಮೋಡೆಮ್‌ಗೂ ನಡುವೆ ಬೇರೆ ಯಾರೂ ಇಲ್ಲ, ಆದ್ದರಿಂದ ಒಂದೇ ಸಾಲಿನ ನಂಬರ್ ಇಲ್ಲಿ ನಡೆಯುತ್ತದೆ. ಪುಟ ಬಂದರೆ ಮೋಡೆಮ್ ಸರಿ ಇದೆ, ತಡೆ ಇರುವುದು ರೂಟರಿನಲ್ಲಿ. ನೋಡಿ ಆದ ಮೇಲೆ ಆಟೋಮ್ಯಾಟಿಕ್‌ಗೆ ಮರಳಿಸಲು ಮರೆಯಬೇಡಿ. ರೂಟರನ್ನು ವಾಪಸ್ ಸಿಕ್ಕಿಸಿದಾಗ ನೆಟ್ ಬಾರದಿದ್ದರೆ ಮೋಡೆಮ್‌ನ ಕರೆಂಟ್ ತೆಗೆದು ಒಂದು ನಿಮಿಷ ಬಿಟ್ಟು ಹಾಕಿ. ಎಷ್ಟೋ ಮೋಡೆಮ್‌ಗಳು ಆನ್ ಆದ ಮೇಲೆ ಮೊದಲು ಸಿಕ್ಕ ಸಾಧನವನ್ನು ಮಾತ್ರ ಗುರುತಿಟ್ಟುಕೊಳ್ಳುತ್ತವೆ.

ರೂಟರಿನ ತಡೆ ಸಾಮಾನ್ಯವಾಗಿ ಪಿಪಿಪಿಒಇಯದ್ದು. ರೂಟರಿನಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ನೆಟ್ ಜೋಡಿಸಿದ್ದರೆ ಅದು ಪಿಪಿಪಿಒಇ. ಆಗ ರೂಟರ್ ಎಲ್ಲವನ್ನೂ ಅಂಟಿಸಿದ ಲಕೋಟೆಯಲ್ಲಿ ಹಾಕಿ ಕಂಪನಿಗೆ ಕಳಿಸುತ್ತದೆ. ಮೋಡೆಮ್ ಅಂಚೆಯವನ ಹಾಗೆ ಅದನ್ನು ದಾಟಿಸುತ್ತದೆ, ಒಳಗೆ ತನ್ನದೇ ಹೆಸರಿದ್ದರೂ ನೋಡುವುದಿಲ್ಲ. ಇದಕ್ಕೆ ವ್ಯಾನ್ ಪೋರ್ಟಿಗೆ ಇನ್ನೊಂದು ವಿಳಾಸ ಕೊಡಬೇಕು. ಟಿಪಿ-ಲಿಂಕ್‌ನ ಬಹಳ ರೂಟರ್‌ಗಳಲ್ಲಿ ಪಿಪಿಪಿಒಇ ಪುಟದಲ್ಲೇ ‘ಸೆಕೆಂಡರಿ ಕನೆಕ್ಷನ್’ ಎಂದು ಇರುತ್ತದೆ. ಅದನ್ನು ಸ್ಟ್ಯಾಟಿಕ್ ಐಪಿ ಮಾಡಿ 192.168.100.2 ಮತ್ತು 255.255.255.0 ಕೊಡಿ. ರೂಟರಿಗೆ ಹಾಕುವ ಓಪನ್‌ಡಬ್ಲ್ಯುಆರ್‌ಟಿ ಎಂಬ ಬೇರೆ ಸಾಫ್ಟ್‌ವೇರ್ ನಿಮ್ಮ ಮಗನಿಗೆ ಗೊತ್ತಿದ್ದರೆ, ವ್ಯಾನ್ ಪೋರ್ಟಿನ ಮೇಲೆ ಇದೇ ವಿಳಾಸದ ಇನ್ನೊಂದು ಇಂಟರ್‌ಫೇಸ್ ಮಾಡಿ ಅದನ್ನು ವ್ಯಾನ್ ಫೈರ್‌ವಾಲ್ ಝೋನಿಗೆ ಸೇರಿಸಲು ಹೇಳಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಪುಟ ತೆರೆಯಿತು, ಅದರಲ್ಲಿ ಎಂತ ನೋಡುವುದು?

ಬದಲಿಸಲು ಅಲ್ಲಿ ಜಾಸ್ತಿ ಏನೂ ಇರುವುದಿಲ್ಲ. ಸ್ಪೀಡ್ ಎಷ್ಟು, ಯಾವ ಚಾನೆಲ್ ಎಂಬುದನ್ನೆಲ್ಲ ಮೋಡೆಮ್ ಆನ್ ಆಗುವಾಗ ಕೇಬಲ್‌ನವರ ಕಡೆಯಿಂದ ಬರುವ ಫೈಲ್ ತೀರ್ಮಾನಿಸುತ್ತದೆ. ನಮಗೆ ಬೇಕಾದದ್ದು ಸ್ಟೇಟಸ್ ಅಥವಾ ಸಿಗ್ನಲ್ ಎಂಬ ಪುಟ. ಅದರಲ್ಲಿ ಡೌನ್‌ಸ್ಟ್ರೀಮ್ ಪವರ್ ಎಂದು ಸಾಲಾಗಿ ಅಂಕಿಗಳಿರುತ್ತವೆ, ಪಕ್ಕದಲ್ಲಿ ಡಿಬಿಎಂವಿ ಎಂದು ಇರುತ್ತದೆ. ಇದು ಸೊನ್ನೆಯ ಹತ್ತಿರ ಇದ್ದಷ್ಟು ಒಳ್ಳೆಯದು. ಮೈನಸ್ 7ರಿಂದ ಪ್ಲಸ್ 7ರವರೆಗೆ ಚಿಂತೆ ಇಲ್ಲ. ನಿಯಮದಲ್ಲಿ ಮೈನಸ್ 15ರಿಂದ ಪ್ಲಸ್ 15ರವರೆಗೆ ನಡೆಯುತ್ತದೆ, ಆದರೆ ಅಂಚಿನಲ್ಲಿರುವ ಲೈನ್ ಒಂದು ಮಳೆಗೆ ಬಿದ್ದುಹೋಗುತ್ತದೆ. ಈ ಅಂಕಿ 3 ಇಳಿದರೆ ಸಿಗ್ನಲ್‌ನ ಶಕ್ತಿ ಅರ್ಧವಾಯಿತು ಎಂದು ಲೆಕ್ಕ. ಅದರ ಪಕ್ಕದ ಎಸ್‌ಎನ್‌ಆರ್, ಅಂದರೆ ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಎಂಬ ಅಂಕಿ, 33ಕ್ಕಿಂತ ಮೇಲೆ ಇರಬೇಕು. ಅಪ್‌ಸ್ಟ್ರೀಮ್ ಪವರ್ ನೋಡುವ ರೀತಿ ಬೇರೆ. ಅದು ಮೋಡೆಮ್ ಎಷ್ಟು ಜೋರಾಗಿ ಕೂಗುತ್ತಿದೆ ಎಂಬ ಅಳತೆ. 40ರ ಆಸುಪಾಸಿನಲ್ಲಿದ್ದರೆ ಆರಾಮ. 50 ದಾಟಿದರೆ, ಆಚೆಯವರಿಗೆ ಕೇಳಿಸುತ್ತಿಲ್ಲ ಎಂದು ಮೋಡೆಮ್ ಗಂಟಲು ಹರಿಯುವಂತೆ ಕೂಗುತ್ತಿದೆ ಎಂದೇ ಅರ್ಥ.

ಈವೆಂಟ್ ಲಾಗ್ ಎಂಬ ಪುಟವನ್ನೂ ಬಿಡಬೇಡಿ. ಅಲ್ಲಿ ಟಿ3 ಟೈಮ್‌ಔಟ್ ಎಂದಿದ್ದರೆ ಮೋಡೆಮ್ ಕರೆದಿತ್ತು, ಉತ್ತರ ಬರಲಿಲ್ಲ ಎಂದು ಅರ್ಥ. ಯಾವಾಗಲೋ ಒಂದು ಇದ್ದರೆ ತೊಂದರೆ ಇಲ್ಲ, ಸಾಲುಸಾಲು ಇದ್ದರೆ ಲೈನಿನಲ್ಲಿ ದೋಷ ಇದೆ. ಕೆಲವು ಸಾಲುಗಳಲ್ಲಿ ತಾರೀಕು 1970ರ ಜನವರಿ 1 ಎಂದು ಕಾಣಬಹುದು. ಗಾಬರಿ ಬೇಡ. ಮೋಡೆಮ್ ಆಗಷ್ಟೇ ಆನ್ ಆಗಿರುತ್ತದೆ, ಆಚೆಯಿಂದ ಸಮಯ ಬಂದಿರುವುದಿಲ್ಲ, ಅಷ್ಟೇ. ಆದರೆ ನೀವು ಮೋಡೆಮ್ ಮುಟ್ಟದೆ ಇದ್ದ ದಿನವೂ ಮತ್ತೆ ಮತ್ತೆ 1970 ಬಂದರೆ, ಅದು ತಾನಾಗಿ ರೀಸ್ಟಾರ್ಟ್ ಆಗುತ್ತಿದೆ. ಅಡಾಪ್ಟರ್ ಮೇಲೂ ಒಂದು ಕಣ್ಣಿಡಿ.

ಈ ಅಂಕಿಗಳನ್ನು ಬಿಸಿಲಿದ್ದಾಗ ಒಮ್ಮೆ, ಮಳೆ ಹೊಯ್ಯುವಾಗ ಒಮ್ಮೆ ಫೋನಿನಲ್ಲಿ ಫೋಟೋ ತೆಗೆದಿಡಿ. ದಯವಿಟ್ಟು ಇದೊಂದನ್ನು ಮಾಡಿಯೇ ಮಾಡಿ. ಕೇಬಲ್‌ನ ಹುಡುಗ ಬಿಸಿಲಿನಲ್ಲಿ ಬರುತ್ತಾನೆ, ಆಗ ಎಲ್ಲ ಸರಿ ಕಾಣುತ್ತದೆ, ಅವನ ತಪ್ಪೇನೂ ಇಲ್ಲ. ಎರಡು ಫೋಟೋ ಪಕ್ಕಪಕ್ಕ ಇಟ್ಟು ತೋರಿಸಿದರೆ ರೂಟರಿನ ಮಾತು ಅಲ್ಲಿಗೇ ನಿಲ್ಲುತ್ತದೆ. ಡೌನ್‌ಸ್ಟ್ರೀಮ್ ಪವರ್‌ಗೂ ನಿಮ್ಮ ರೂಟರಿಗೂ ಯಾವ ಸಂಬಂಧವೂ ಇಲ್ಲ. ಅದು ಗೋಡೆಯಿಂದ ಮೋಡೆಮ್‌ಗೆ ಬರುವ ದಪ್ಪ ವೈರಿನ ಲೆಕ್ಕ. ನಮ್ಮ ಕಲ್ಸಂಕದ ಅಂಗಡಿಗೆ ಜನ ಚೆನ್ನಾಗಿರುವ ರೂಟರ್ ಹಿಡಿದುಕೊಂಡು ಬಂದು ‘ಇದು ಹೋಯಿತು, ಹೊಸದು ಕೊಡಿ’ ಎನ್ನುತ್ತಾರೆ. ಮಾರಿದರೆ ನನಗೆ ಲಾಭ, ನಿಜ. ಆದರೆ ಪೆನ್ಷನ್ ದುಡ್ಡಿನಲ್ಲಿ ಬೇಡದ ರೂಟರ್ ಕೊಂಡು, ಮುಂದಿನ ಮಳೆಗೆ ಅದೇ ತೊಂದರೆ ನೋಡುವುದು ಬೇಡ ಮಾರಾಯ್ರೇ.

ಮಲ್ಪೆಯಲ್ಲಿ ಕಡಲಿಗೆ ಹತ್ತಿರದ ಒಂದು ಮನೆಯಲ್ಲಿ ನಿಮ್ಮದೇ ಕತೆ ಇತ್ತು. ಮಳೆಯ ಮಧ್ಯೆ ಪುಟ ತೆರೆದರೆ ಡೌನ್‌ಸ್ಟ್ರೀಮ್ ಮೈನಸ್ 13, ಎಸ್‌ಎನ್‌ಆರ್ 29. ಮೇಲಿನ ಫ್ರೀಕ್ವೆನ್ಸಿಯ ಚಾನೆಲ್‌ಗಳು ಇನ್ನೂ ಕೆಳಗೆ. ವೈರಿನೊಳಗೆ ನೀರು ಹೋದರೆ ಹೀಗೆ ಮೇಲಿನವು ಮೊದಲು ಬೀಳುತ್ತವೆ. ಕೇಬಲ್‌ನ ಹುಡುಗನಿಗೆ ತೋರಿಸಿದೆವು. ಮಳೆ ನಿಂತ ಮೇಲೆ ಅವನೇ ಏಣಿ ಇಟ್ಟು ಮಾಡಿನ ಅಂಚಿಗೆ ಹತ್ತಿದ. ಹಲಸಿನ ಮರದಿಂದ ಇಳಿದ ವೈರ್ ನೇರ ಸ್ಪ್ಲಿಟರಿಗೆ, ಅಂದರೆ ಒಂದು ವೈರಿನ ಸಿಗ್ನಲ್ ಹಂಚುವ ಡಬ್ಬಿಗೆ, ಹೋಗಿತ್ತು. ನೀರು ವೈರನ್ನೇ ಹಿಡಿದು ಜಾರಿ ಕನೆಕ್ಟರಿನ ಬಾಯಿಗೆ ಇಳಿಯುತ್ತಿತ್ತು. ಅವನು ಬಿಚ್ಚಿದಾಗ ಒಳಗಿಂದ ಎರಡು ಹನಿ ನೀರು ಬಿತ್ತು. ಸುತ್ತಲಿನ ಅಲ್ಯೂಮಿನಿಯಂ ಬಲೆ ಬಿಳಿ ಹುಡಿ ಆಗಿ ಬೆರಳಿಗೆ ಅಂಟುತ್ತಿತ್ತು. ನಡುವಿನ ತಂತಿಯ ತಾಮ್ರದ ಲೇಪ ಹೋಗಿ ಒಳಗಿನ ಕಬ್ಬಿಣ ಕೆಂಪು ತುಕ್ಕು ಹಿಡಿದಿತ್ತು. ಕಡಲ ಗಾಳಿಯ ಉಪ್ಪು ಸೇರಿದರೆ ಇದು ಬೇಗ ಆಗುತ್ತದೆ. ಅವನು ವೈರನ್ನು ಒಂದು ಗೇಣು ಕತ್ತರಿಸಿ, ಹೊಸ ಕಂಪ್ರೆಷನ್ ಕನೆಕ್ಟರ್ ಒತ್ತಿದ. ಸ್ಪ್ಲಿಟರಿಗೆ ಸೇರುವ ಮೊದಲು ವೈರನ್ನು ಕೆಳಗೆ ಬಳುಕಿಸಿ ಮೇಲಕ್ಕೆ ತಂದ. ಈಗ ನೀರು ಆ ಬಳುಕಿನ ತುದಿಯಿಂದ ನೆಲಕ್ಕೆ ಬೀಳುತ್ತದೆ, ಕನೆಕ್ಟರಿಗೆ ಹೋಗುವುದಿಲ್ಲ. ಒಳಗೆ ಬಂದು ಪುಟ ಹೊಸದಾಗಿ ತೆರೆದರೆ ಮೈನಸ್ 2, ಎಸ್‌ಎನ್‌ಆರ್ 37. ಆ ಮನೆಯ ಅಜ್ಜಿಗೂ ಆ ಹುಡುಗನಿಗೂ ಒಟ್ಟಿಗೇ ಖುಷಿ.

ನಿಮ್ಮ ಮನೆಯಲ್ಲೂ ಹೀಗೇ ಇರಬಹುದು. ಮನೆಯೊಳಗೆ ನೀವೇ ನೋಡಬಹುದಾದದ್ದು ಎರಡು. ಮೋಡೆಮ್‌ನ ಹಿಂದಿನ ತಿರುಪಿನ ಕನೆಕ್ಟರ್ ಸಡಿಲ ಇದ್ದರೆ ಕೈಯಲ್ಲೇ ಬಿಗಿ ಮಾಡಿ. ಹಿಂದೆ ಇನ್ನೊಂದು ರೂಮಿನ ಟಿವಿಗೆಂದು ಹಾಕಿದ ಸ್ಪ್ಲಿಟರ್ ಈಗ ಬೇಡವಾಗಿದ್ದರೆ ತೆಗೆಸಿ. ಎರಡು ದಾರಿಯ ಸ್ಪ್ಲಿಟರ್ ಒಂದೇ ಸುಮಾರು 3.5 ಡಿಬಿ ತಿನ್ನುತ್ತದೆ. ಹೊರಗಿನ ವೈರ್, ಕಂಬ, ಏಣಿ ನಿಮ್ಮ ಕೆಲಸ ಅಲ್ಲ. ಅದು ಕೇಬಲ್‌ನವರದ್ದೇ.

ಪುಟದಲ್ಲಿ ‘ಫ್ಯಾಕ್ಟರಿ ಡೀಫಾಲ್ಟ್’ ಎಂಬ ಬಟನ್ ಕಂಡರೆ ಒತ್ತಬೇಡಿ. ಅದರಿಂದ ವೈರಿನೊಳಗಿನ ನೀರು ಒಣಗುವುದಿಲ್ಲ. ವೈಫೈಯೂ ಸೇರಿರುವ ಮೋಡೆಮ್ ಆಗಿದ್ದರೆ ಇದ್ದ ಸೆಟ್ಟಿಂಗ್ಸ್ ಎಲ್ಲ ಹೋಗಿ ಇನ್ನೊಂದು ತಲೆನೋವು.

ಪ್ರಶ್ನೆ: ಅಕ್ಕಾ, ನಮ್ಮದೂ ಕೇಬಲ್ ಮೋಡೆಮ್. ನೆಟ್ ಇಲ್ಲದಾಗ ರೂಟರಿನ ಪುಟ ನೋಡಿದರೆ ಇಂಟರ್ನೆಟ್ ಐಪಿ ಎಂಬಲ್ಲಿ 192.168.100.11 ಎಂದು ಇತ್ತು. ಬೇರೆ ದಿನ ಪೂರ್ತಿ ಬೇರೆ ನಂಬರ್ ಇರುತ್ತದೆ. ಯಾರಾದರೂ ಹ್ಯಾಕ್ ಮಾಡಿದ್ದಾರಾ?
— ಓದುಗರು, ಕುಂಜಿಬೆಟ್ಟು, ಉಡುಪಿ

ಉತ್ತರ: ಯಾರೂ ಮಾಡಿಲ್ಲ. ಕೇಬಲ್‌ನವರ ಕಡೆಯ ಸಂಪರ್ಕ ಸಿಗದಿದ್ದಾಗ ಕೆಲವು ಮೋಡೆಮ್‌ಗಳು ತಾವೇ ತಾತ್ಕಾಲಿಕವಾಗಿ 192.168.100ರ ಸಾಲಿನ ಒಂದು ನಂಬರ್ ಕೊಡುತ್ತವೆ, ಕನಿಷ್ಠ ಮೋಡೆಮ್‌ನ ಪುಟವಾದರೂ ತೆರೆಯಲಿ ಎಂದು. ನಿಮಗೆ ಇದೊಂದು ಒಳ್ಳೆಯ ಗುರುತು. ಹೀಗೆ ಕಂಡರೆ ರೂಟರ್ ಸರಿ ಇದೆ, ರೂಟರಿಂದ ಮೋಡೆಮ್‌ವರೆಗಿನ ವೈರೂ ಸರಿ ಇದೆ, ತೊಂದರೆ ಮೋಡೆಮ್‌ನಿಂದ ಆಚೆ. ಆಗಲೇ 192.168.100.1 ತೆರೆದು ಮೇಲೆ ಹೇಳಿದ ಅಂಕಿಗಳ ಫೋಟೋ ತೆಗೆಯಿರಿ. ಲೈನ್ ಸರಿಯಾದ ಮೇಲೂ ಅದೇ ನಂಬರ್ ಉಳಿದರೆ ರೂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಪ್ರಶ್ನೆ: ನಮ್ಮದು ತೆಳು ಹಳದಿ ವೈರ್. ಕಂಪನಿಯ ಪೆಟ್ಟಿಗೆಯೂ 192.168.1.1, ನನ್ನ ರೂಟರೂ 192.168.1.1. ಪೆಟ್ಟಿಗೆಯ ಪುಟ ನೋಡುವುದು ಹೇಗೆ?
— ವಿದ್ಯಾರ್ಥಿ, ಸುರತ್ಕಲ್

ಉತ್ತರ: ಅದು ಫೈಬರ್, ಆ ಪೆಟ್ಟಿಗೆ ಒಎನ್‌ಯು. ಇಲ್ಲಿ ರೂಟರಿನ ವಿಳಾಸ ಬದಲಿಸಲೇಬೇಕು. 192.168.5.1 ಎಂದು ಏನಾದರೂ ಇಡಿ, ಒಎನ್‌ಯುವಿನದ್ದಕ್ಕೆ ತಾಗದಿದ್ದರೆ ಸಾಕು. ಆಮೇಲೆ 192.168.1.1 ಹೊಡೆದರೆ ಒಎನ್‌ಯುವಿನ ಪುಟ ಬರಬೇಕು. ರೂಟರಿನಲ್ಲಿ ಪಿಪಿಪಿಒಇ ಇದ್ದರೆ ಮೇಲಿನ ಮಾಸ್ಟ್ರಿಗೆ ಹೇಳಿದ ಹಾಗೆಯೇ ಎರಡನೇ ವಿಳಾಸ ಬೇಕು, ಇಲ್ಲಿ ಅದು 192.168.1.2. ಪುಟದಲ್ಲಿ ಆರ್‌ಎಕ್ಸ್ ಆಪ್ಟಿಕಲ್ ಪವರ್, ಅಂದರೆ ಒಳಗೆ ಬರುವ ಬೆಳಕಿನ ಶಕ್ತಿ, ನೋಡಿ. ಜಿಪಾನ್ ಎಂಬ ಬಗೆಯ ಸಾಮಾನ್ಯ ಫೈಬರ್ ಲೈನಿನಲ್ಲಿ ಅದು ಮೈನಸ್ 8 ಮತ್ತು ಮೈನಸ್ 27ರ ನಡುವೆ ಇರಬೇಕು. ಮೈನಸ್ 27ರ ಹತ್ತಿರ ಇದ್ದರೆ ಹಳದಿ ವೈರ್ ಮಂಚದ ಕಾಲಿಗೋ ಬಾಗಿಲ ಸಂದಿಗೋ ಸಿಕ್ಕಿ ಮಡಿಚಿದೆಯಾ ನೋಡಿ. ಲಾಸ್ ಎಂಬ ಕೆಂಪು ದೀಪ ಉರಿದರೆ ಬೆಳಕೇ ಬರುತ್ತಿಲ್ಲ, ನೇರ ಕಂಪನಿಗೆ ಫೋನ್ ಮಾಡಿ. ವೈರ್ ಬಿಚ್ಚಿ ಅದರ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ಮಾತ್ರ ನೋಡಬೇಡಿ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಒಳ್ಳೆಯದಲ್ಲ.

ಪ್ರಶ್ನೆ: ಸಿಡಿಲು ಬರುವಾಗ ಮೋಡೆಮ್‌ನ ಸ್ವಿಚ್ ಆಫ್ ಮಾಡುತ್ತೇವೆ. ಆದರೂ ಹಿಂದಿನ ವರ್ಷ ಸುಟ್ಟುಹೋಯಿತು. ಯಾಕೆ?
— ಗೃಹಿಣಿ, ಕಾಪು

ಉತ್ತರ: ಸ್ವಿಚ್ ಆಫ್ ಮಾಡಿದರೆ ಸಾಲದು ಅಕ್ಕಾ. ಕರೆಂಟಿನ ಪಿನ್ ಕಳಚಿ, ಹಿಂದಿನ ಕೇಬಲ್ ವೈರನ್ನೂ ತಿರುಗಿಸಿ ಬಿಚ್ಚಿ. ಹೊರಗೆ ಕಂಬದಿಂದ ಮರಕ್ಕೆ, ಮರದಿಂದ ಮನೆಗೆ ಬರುವ ಆ ವೈರೂ ಲೋಹದ್ದೇ. ಸಿಡಿಲಿನ ಹೊಡೆತ ಅದರಲ್ಲೂ ಬರುತ್ತದೆ. ಬಂದ ಮೇಲೆ ಮೋಡೆಮ್ ದಾಟಿ ಲ್ಯಾನ್ ವೈರಿನಲ್ಲಿ ರೂಟರಿಗೂ, ಕಂಪ್ಯೂಟರಿಗೂ ಹೋಗಬಹುದು. ಏಪ್ರಿಲ್, ಮೇ ತಿಂಗಳ ಸಂಜೆ ಮತ್ತು ಮಳೆಗಾಲ ಮುಗಿಯುವ ಅಕ್ಟೋಬರಿನಲ್ಲಿ ನಮ್ಮ ಕಡೆ ಸಿಡಿಲು ಜಾಸ್ತಿ. ಆ ದಿನಗಳಲ್ಲಿ ಮನೆ ಬಿಟ್ಟು ಹೋಗುವಾಗಲೇ ಎರಡನ್ನೂ ಕಳಚಿಡಿ. ಗುಡುಗು ಶುರುವಾದ ಮೇಲೆ ವೈರ್ ಮುಟ್ಟಲು ಹೋಗಬೇಡಿ. ಬಿಚ್ಚಿದ ಕೇಬಲ್‌ನ ತುದಿಯನ್ನು ಮೋಡೆಮ್‌ನಿಂದ ದೂರ ಇಡಿ. ವಾಪಸ್ ಹಾಕುವಾಗ ಮೊದಲು ಕೇಬಲ್ ವೈರ್, ಆಮೇಲೆ ಕರೆಂಟ್. ಆನ್‌ಲೈನ್ ದೀಪ ಮಿನುಗುವುದು ನಿಂತು ಒಂದೇ ಸಮ ಉರಿಯುವವರೆಗೆ ಕೆಲವು ನಿಮಿಷ ಕಾಯಿರಿ.